ಸಣಕಲು ಮೈ, ಒಳಗೆ ಉರಿಯೂತ

ನಮ್ಮೂರು ಅರಸೀಕೆರೆ, ಹಾಸನದ್ದಲ್ಲ, ಹರಪನಹಳ್ಳಿ ತಾಲ್ಲೂಕಿನದು. ಈ ಕಡೆ ಎದೆ ಹಿಡಿದರೆ ಮೊದಲು ಗ್ಯಾಸ್, ಆಮೇಲೆ ಸೋಡಾ, ಕೊನೆಗೆ ದಾವಣಗೆರೆ ಆಸ್ಪತ್ರೆ. ‘ಕಡ್ಡಿ ಇದ್ದಂಗ ಅದಾನ, ಅವಗೆಲ್ಲಿ ಹಾರ್ಟು?’ ಎಂಬ ಸಮಾಧಾನ ಬೇರೆ. ಆ ಸಮಾಧಾನ ಪೊಳ್ಳೆಂದು ತೋರಿಸಿದ ಸಂಶೋಧನೆಯ ಒಂದು ಗಟ್ಟಿ ಎಳೆ ಹೊರಟದ್ದು ಹೃದ್ರೋಗದ ವಾರ್ಡಿನಿಂದಲ್ಲ, ಮೈಸೂರಿನ ಹೆರಿಗೆ ವಾರ್ಡಿನಿಂದ.

ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದಲೂ ಹುಟ್ಟಿದ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. ಬರೆದವರಿಗೆ ಅದು ದಿನದ ಕೆಲಸ, ಅಷ್ಟೆ. ಹೊಟ್ಟೆಯಲ್ಲಿ ಸೊರಗಿದ ಮಗುವಿಗೆ ಮುಂದೆ ಹೃದ್ರೋಗದ ಅಪಾಯ ಹೆಚ್ಚೆಂದು ಬ್ರಿಟನ್ನಿನ ಡೇವಿಡ್ ಬಾರ್ಕರ್ ವಾದ ಹೂಡಿದ ಮೇಲೆ, ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಈ ದಾಖಲೆ ಹಿಡಿದು ಮೈಸೂರಿನಲ್ಲೇ ಉಳಿದಿದ್ದ 517 ಮಂದಿಯನ್ನು ಪರೀಕ್ಷಿಸಿದರು. 1996ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಲೆಕ್ಕ ಹೀಗಿತ್ತು: ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಕಡಿಮೆ ತೂಗಿದವರಲ್ಲಿ ಹೃದ್ರೋಗ ಶೇ 11, ಮೂರು ಕಿಲೋ ದಾಟಿದವರಲ್ಲಿ ಶೇ 3.

ಎರಡೇ ವರ್ಷಕ್ಕೆ ಅದೇ ದಾಖಲೆ ಇನ್ನೊಂದು ಮಾತು ಹೇಳಿತು. ಸಕ್ಕರೆ ಕಾಯಿಲೆ ಹೆಚ್ಚಾಗಿದ್ದದ್ದು ಗಿಡ್ಡಗೆ, ದುಂಡಗೆ ಹುಟ್ಟಿದವರಲ್ಲಿ. ಅವರ ತಾಯಂದಿರು ತೂಕದವರು. ಬಡತನವೊಂದನ್ನೇ ದೂರಿ ಕೈತೊಳೆದುಕೊಳ್ಳುವ ದಾರಿ ಅಲ್ಲಿಗೆ ಮುಚ್ಚಿತು. 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಶುರುವಾದ ‘ಪಾರ್ಥೆನಾನ್’ ಅಧ್ಯಯನ ಬಸುರಿಯರ ಸಕ್ಕರೆ ಅಳೆಯಿತು. ಶೇ 6ರಷ್ಟು ಮಂದಿಗೆ ಬಸಿರಿನ ಮಧುಮೇಹವಿತ್ತು. ಜಿ.ವಿ. ಕೃಷ್ಣವೇಣಿ ಮತ್ತಿತರರು ಅವರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಒಂಬತ್ತೂವರೆ ವರ್ಷಕ್ಕೇ ಆ ಮಕ್ಕಳ ಮೈ ಇನ್ಸುಲಿನ್ನಿನ ಮಾತು ಕೇಳುವುದನ್ನು ಕಡಿಮೆ ಮಾಡಿತ್ತು. ಪುಣೆಯಲ್ಲಿ ಚಿತ್ತರಂಜನ್ ಯಾಜ್ಞಿಕ್ ಕಂಡದ್ದೂ ಇದರ ನೆಂಟನೇ: ಭಾರತದ ಕೂಸು ತೂಕದಲ್ಲಿ ಇಂಗ್ಲಿಷ್ ಕೂಸಿಗಿಂತ ಬಹಳ ಕಡಿಮೆ, ಚರ್ಮದಡಿಯ ಕೊಬ್ಬಿನಲ್ಲಿ ಮಾತ್ರ ಹೆಚ್ಚುಕಡಿಮೆ ಸಮ. ಸೊರಗಿರುವುದು ಮಾಂಸಖಂಡ.

ಕೊಬ್ಬಿದ್ದರೇನಂತೆ? ಕೊಬ್ಬನ್ನು ಬಹುಕಾಲ ಎಣ್ಣೆ ತುಂಬಿಟ್ಟ ಡಬ್ಬಿಯಂತೆಯೇ ಎಣಿಸಿದ್ದರು. 1993ರಲ್ಲಿ ಹಾರ್ವರ್ಡ್‌ನ ಗೋಖಾನ್ ಹೋಟಮಿಸ್ಲಿಗಿಲ್ ಇದ್ದ ತಂಡ ಬೊಜ್ಜಿನ ಇಲಿಗಳಲ್ಲಿ ಆ ಡಬ್ಬಿಯೇ ಉರಿಯೂತದ ರಾಸಾಯನಿಕ ಸುರಿಸುವುದನ್ನು, ಅದರಿಂದ ಇನ್ಸುಲಿನ್ ಸೋಲುವುದನ್ನು ತೋರಿಸಿತು. 1999ರಲ್ಲಿ ರಸೆಲ್ ರಾಸ್ ರಕ್ತನಾಳ ಕಟ್ಟಿಕೊಳ್ಳುವುದನ್ನೇ ಉರಿಯೂತದ ಕಾಯಿಲೆ ಎಂದು ಕರೆದರು. ಅಷ್ಟರಲ್ಲಿ ಬೆಂಗಳೂರಿನಲ್ಲಿ, ಸೇಂಟ್ ಜಾನ್ಸ್‌ನ ಪ್ರೇಮ್ ಪೈಸ್ ಮತ್ತು ಸಂಗಡಿಗರು ಹೃದಯಾಘಾತವಾದ 200 ಮಂದಿಯನ್ನು ಆಗದವರ ಜೊತೆ ಹೋಲಿಸಿದ್ದರು. ಬೀಡಿ-ಸಿಗರೇಟು, ಬಿ.ಪಿ., ಸಕ್ಕರೆಯ ಪಕ್ಕದಲ್ಲೇ ಸೊಂಟ-ನಿತಂಬದ ಸುತ್ತಳತೆಯ ಅನುಪಾತ ಕೂತಿತ್ತು. ಕಡ್ಡಿಯಂಥ ಕೈಕಾಲಿನವನಿಗೂ ಪಂಚೆಯ ಗಂಟಿನ ಮೇಲೆ ಹೊಟ್ಟೆ ಬರಬಹುದು. ತಕ್ಕಡಿ ಅದನ್ನು ಹೇಳುವುದಿಲ್ಲ, ದರ್ಜಿಯ ಟೇಪು ಹೇಳುತ್ತದೆ.

ಉರಿ ಆರಿಸಿದರೆ ಹೃದಯ ಉಳಿದೀತೇ? 2017ರಲ್ಲಿ ಪಾಲ್ ರಿಡ್ಕರ್, ಹೃದಯಾಘಾತ ಕಂಡ ಹತ್ತು ಸಾವಿರ ಮಂದಿಯ ಮೇಲೆ ಉರಿಯೂತ ತಗ್ಗಿಸುವ ಚುಚ್ಚುಮದ್ದಿನ ಪ್ರಯೋಗ ನಡೆಸಿ ಹೌದೆಂದರು: ಕೊಲೆಸ್ಟರಾಲ್ ಮುಟ್ಟದೆಯೇ ಅಪಾಯ ಶೇ 15ರಷ್ಟು ಇಳಿದಿತ್ತು. ಆ ಚುಚ್ಚುಮದ್ದು ದುಬಾರಿ, ಸೋಂಕಿನ ಸಾವನ್ನೂ ಹೆಚ್ಚಿಸಿತು. ನಮ್ಮೂರಿಗೆ ಅದು ಸುದ್ದಿ ಮಾತ್ರ. ಗೌಟ್‌ಗೆ ಕೊಡುವ ಹಳೆಯ ಅಗ್ಗದ ಕೊಲ್ಚಿಸಿನ್ ಮಾತ್ರೆ 2019, 2020ರ ಪ್ರಯೋಗಗಳಲ್ಲಿ ಗೆದ್ದಿತು, 2024ರಲ್ಲಿ ಏಳು ಸಾವಿರ ಮಂದಿಯ ಪ್ರಯೋಗದಲ್ಲಿ ಸೋತಿತು. ನನ್ನ ಮಟ್ಟಿಗೆ ಈ ವಾದ ಇನ್ನೂ ಮುಗಿದಿಲ್ಲ.

ಮದ್ದಿನ ವಾದ ಹಾಗಿರಲಿ, ಆಸ್ಪತ್ರೆ ಮುಟ್ಟುವುದೇ ತಡ. ಡೆನಿಸ್ ಜೇವಿಯರ್ ಮತ್ತಿತರರು 2008ರಲ್ಲಿ ಪ್ರಕಟಿಸಿದ ‘ಕ್ರಿಯೇಟ್’ ನೋಂದಣಿಯಲ್ಲಿ ದೇಶದ 89 ಕೇಂದ್ರಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳಿದ್ದರು. ನೋವು ಶುರುವಾಗಿ ಆಸ್ಪತ್ರೆ ಮುಟ್ಟಲು ಹಿಡಿದ ಅವಧಿಯ ಮಧ್ಯಾಂಕ 360 ನಿಮಿಷ. ಬಡವರು ಹೆಚ್ಚು ಸತ್ತರು. ಈಗ ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇ.ಸಿ.ಜಿ. ತೆಗೆದು ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಪುಕ್ಕಟೆ ಕೊಡುತ್ತಾರೆ. ಆ 360 ನಿಮಿಷದಲ್ಲಿ ದಾರಿಯದೆಷ್ಟು, ಸೋಡಾ ಕುಡಿದು ಕೂತದ್ದೆಷ್ಟು ಎಂದು ಮಾತ್ರ ಇ.ಸಿ.ಜಿ. ಹಾಳೆಯಲ್ಲಿ ಮೂಡುವುದಿಲ್ಲ.