ಮರಳಿನ ಕಣವೇ ಸಾಕ್ಷಿ

ಹಳೆಯ ಗಾರೆ ಮೇಸ್ತ್ರಿಗಳಿಗೆ ಒಂದು ಸುಲಭದ ಪರೀಕ್ಷೆ ಗೊತ್ತು. ಗಾಜಿನ ಲೋಟದಲ್ಲಿ ಅರ್ಧದಷ್ಟು ಮರಳು ಹಾಕಿ, ನೀರು ಸುರಿದು, ಚಿಟಿಕೆ ಉಪ್ಪು ಬೆರೆಸಿ, ಚೆನ್ನಾಗಿ ಕುಲುಕಿ ಇಟ್ಟುಬಿಡುವುದು. ಸ್ವಲ್ಪ ಹೊತ್ತಿನಲ್ಲಿ ಮರಳು ತಳ ಸೇರುತ್ತದೆ. ಅದರ ಮೇಲೆ ನಿಧಾನವಾಗಿ ಜೇಡಿಯ ಪದರ ಕೂರುತ್ತದೆ. ಪದರ ದಪ್ಪಗಿದ್ದರೆ ಆ ಮರಳು ಮನೆ ಕಟ್ಟಲು ಬಾರದು. ಮೇಸ್ತ್ರಿಗೆ ಅಷ್ಟು ಸಾಕು. ಪೊಲೀಸರಿಗೆ ಸಾಲದು. ಹೊಸಕೋಟೆ, ದೇವನಹಳ್ಳಿ ಕಡೆ ರಾತ್ರಿ ಹಿಡಿದ ಲಾರಿಯ ಮರಳು ಹೊಳೆಯದೋ, ಕೆರೆಯಂಗಳದ್ದೋ ಎಂಬುದು ಅವರಿಗೆ ತಿಳಿಯಬೇಕು.

ಮಣ್ಣನ್ನು ಹೀಗೆ ಸಾಕ್ಷಿ ಕೇಳುವ ವಿದ್ಯೆಗೆ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ಶಂಕಿತನ ಬೂಟಿನ ಕೊಳೆಯನ್ನು ಕಡೆಗಣಿಸಬಾರದೆಂದು ಆಸ್ಟ್ರಿಯದ ಹಾನ್ಸ್ ಗ್ರೋಸ್ ತನಿಖಾಧಿಕಾರಿಗಳಿಗಾಗಿ 1893ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿಯೇ ಹೇಳಿದ್ದ. ಅದನ್ನು ಮಾಡಿ ತೋರಿಸಿದವನು ಜರ್ಮನಿಯ ಫ್ರಾಂಕ್‌ಫರ್ಟಿನ ರಸಾಯನಶಾಸ್ತ್ರಜ್ಞ ಗಿಯೋರ್ಗ್ ಪಾಪ್. 1908ರಲ್ಲಿ ಮಾರ್ಗರೆಟ್ ಫಿಲ್ಬರ್ಟ್ ಎಂಬಾಕೆಯ ಕೊಲೆಯಾಯಿತು. ಅನುಮಾನ ಒಬ್ಬ ರೈತನ ಮೇಲೆ. ಹಿಂದಿನ ರಾತ್ರಿಯಷ್ಟೇ ಅವನ ಹೆಂಡತಿ ಬೂಟು ಶುಚಿಮಾಡಿ ಇಟ್ಟಿದ್ದಳು. ಪಾಪ್ ಆ ಬೂಟಿನ ಅಟ್ಟೆಗೆ ಮೆತ್ತಿದ್ದ ಮಣ್ಣನ್ನು ಪದರ ಪದರವಾಗಿ ಬಿಡಿಸಿದ. ಚರ್ಮಕ್ಕೆ ತಾಗಿದಂತೆ ಬಾತಿನ ಹಿಕ್ಕೆ, ಅದು ಅವನ ಮನೆಯಂಗಳದ್ದು. ಅದರ ಮೇಲೆ ಹುಲ್ಲು. ಆಮೇಲೆ ಕೆಂಪು ಮರಳುಗಲ್ಲಿನ ಕಣ, ಕೊಲೆಯಾದ ಜಾಗದ್ದು. ಕೊನೆಗೆ ಕಲ್ಲಿದ್ದಲು, ಇಟ್ಟಿಗೆಪುಡಿ, ಸಿಮೆಂಟು; ಅವನ ಬಂದೂಕು, ಬಟ್ಟೆ ಸಿಕ್ಕಿದ ಪಾಳುಕೋಟೆಯ ಬಳಿಯದು. ತಾನು ಆ ದಿನ ಸ್ವಂತ ಹೊಲದಲ್ಲಿ ಓಡಾಡಿದೆ ಎಂದಿದ್ದ ಆಸಾಮಿ. ಹೊಲದ ಮಣ್ಣಿನ ಗುರುತಾದ ಒಂದು ಬಗೆಯ ಕಲ್ಲಿನ ಚೂರು ಮಾತ್ರ ಬೂಟಿನಲ್ಲಿರಲಿಲ್ಲ! ಇದ್ದ ಮಣ್ಣಿನಷ್ಟೇ ಇಲ್ಲದ ಮಣ್ಣೂ ಮಾತಾಡಿತು.

ಅಲ್ಲಿ ಮಣ್ಣು ಬೇರೆಯ ಅಪರಾಧಕ್ಕೆ ಸಾಕ್ಷಿ. ನಮ್ಮಲ್ಲಿ ಕಳವಾದ ಮಾಲೂ ಅದೇ, ಸಾಕ್ಷಿಯೂ ಅದೇ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲದಡಿ ಬಹುಪಾಲು ಇರುವುದು ನೈಸ್ ಶಿಲೆ. ಲಾಲ್‌ಬಾಗಿನ ಬಂಡೆ ಹತ್ತಿದವರೆಲ್ಲ ಅದನ್ನು ತುಳಿದಿದ್ದಾರೆ. ಅದರಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರ ಸೇರಿಕೊಂಡಿವೆ. ಸಾವಿರಾರು ವರ್ಷ ಮಳೆ ಬಿಸಿಲಿಗೆ ಫೆಲ್ಡ್‌ಸ್ಪಾರ್ ಕೊಳೆತು ಜೇಡಿಯಾಗುತ್ತದೆ. ಬೆಣಚು ಕರಗದೆ ಹಾಗೇ ಉಳಿಯುತ್ತದೆ. ಅಂದರೆ ಇಲ್ಲಿನ ಮಣ್ಣಿನೊಳಗೇ ಮರಳಿದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿ, ದಕ್ಷಿಣ ಪಿನಾಕಿನಿಗಳು ಈ ತಾಲ್ಲೂಕುಗಳಲ್ಲಿ ಸಣ್ಣ ಹೊಳೆಗಳು. ರಾಜಧಾನಿಯ ಕಟ್ಟಡಗಳ ಹಸಿವಿಗೆ ಅವುಗಳ ಮರಳು ಎಲ್ಲಿಗೆ ಸಾಕು? ದೇವನಹಳ್ಳಿ ವಿಮಾನ ನಿಲ್ದಾಣ 2008ರಲ್ಲಿ ತೆರೆದ ಮೇಲಂತೂ ಈ ಕಡೆ ಕಟ್ಟೋಣ ಮತ್ತಷ್ಟು ಹೆಚ್ಚಿತು. ಕೆರೆಯಂಗಳ, ಗೋಮಾಳಗಳನ್ನು ಜೆಸಿಬಿಯಿಂದ ಬಗೆದು, ಪಂಪು ಹಾಕಿ ನೀರೆತ್ತಿ, ಮಣ್ಣು ತೊಳೆದು ತೆಗೆದದ್ದೇ ‘ಫಿಲ್ಟರ್ ಮರಳು’. ತೊಳೆದ ರಾಡಿ ಮತ್ತೆ ಕೆರೆಗೇ. ಅಂತರ್ಜಲ ಪಾತಾಳ ಸೇರಿದ ಸೀಮೆಯಲ್ಲಿ ನೀರನ್ನೂ ಮಣ್ಣನ್ನೂ ಒಟ್ಟಿಗೇ ಕದಿಯುವ ಕಸುಬು ಇದು.

ಹಿಡಿದಾಗ ಲಾರಿಯವನು ಹೊಳೆ ಮರಳು ಎನ್ನುತ್ತಾನೆ. ಕಣಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಬೇರೆಯೇ ಕಥೆ. ಹೊಳೆಯಲ್ಲಿ ಬಹುದೂರ ಉರುಳಿ ಬಂದ ಕಣದ ಅಂಚು ಸವೆದಿರುತ್ತದೆ, ಜೇಡಿ ಕೊಚ್ಚಿಹೋಗಿರುತ್ತದೆ. ಹುಟ್ಟಿದ ಕಡೆಯೇ ಕೂತಿದ್ದ ಕಣದ ಅಂಚು ಚೂಪು; ಬಿರುಕುಗಳಲ್ಲಿ ಜೇಡಿ, ಮೈಮೇಲೆ ಕಬ್ಬಿಣದ ಕೆಂಪು, ಜೊತೆಗೆ ಒತ್ತಿದರೆ ಪುಡಿಯಾಗುವ ಅರೆಕೊಳೆತ ಫೆಲ್ಡ್‌ಸ್ಪಾರ್. ಇದರಲ್ಲಿ ಒಂದೇ ಲಕ್ಷಣ ಹಿಡಿದು ತೀರ್ಪು ಹೇಳುವುದು ತಪ್ಪು. ಎಲ್ಲವೂ ಕೂಡಿದಾಗ ಮಾತಿಗೆ ತೂಕ. ಕಟ್ಟಡಕ್ಕೆ ಬಳಸುವ ನೈಸರ್ಗಿಕ ಮರಳಿನಲ್ಲಿ 75 ಮೈಕ್ರಾನಿಗಿಂತ ಸಣ್ಣ ಕಣ ಶೇಕಡ 3ನ್ನು ಮೀರಬಾರದೆಂದು ಭಾರತೀಯ ಮಾನಕವೂ ಹೇಳುತ್ತದೆ. ಜೇಡಿ ಹೆಚ್ಚಾದರೆ ಸಿಮೆಂಟು ಸರಿಯಾಗಿ ಕಚ್ಚುವುದಿಲ್ಲ, ಸಾಲ ಮಾಡಿ ಕಟ್ಟಿದವನ ಗೋಡೆ ಬಿರುಕು ಬಿಡುತ್ತದೆ.

ಹೀಗೆ ಮರಳು ಹೊಳೆಯದಲ್ಲ ಎಂದು ಹೇಳುವುದು ಸುಲಭ, ಇಂಥದೇ ಕೆರೆಯದು ಎನ್ನುವುದು ಕಷ್ಟ. ದೊಡ್ಡಬಳ್ಳಾಪುರದಿಂದ ಹೊಸಕೋಟೆಯವರೆಗೂ ತಾಯಿಬಂಡೆ ಹೆಚ್ಚುಕಡಿಮೆ ಒಂದೇ ಜಾತಿಯದು. ಆಗ ಕೈಹಿಡಿಯುವುದು ಬಂಡೆಯಲ್ಲ, ಕೆರೆಯ ಬದುಕು: ಬಸವನಹುಳುವಿನ ಚಿಪ್ಪಿನ ಚೂರು, ಮಡಕೆಯ ಬೋಕಿ, ಬೀಜ, ಹೂವಿನ ಪರಾಗ. ಗುಂಡಿಯ ಮಣ್ಣನ್ನೂ ಲಾರಿಯ ಮರಳನ್ನೂ ಹೋಲಿಸಿ ನೋಡಿದರಷ್ಟೇ ನಂಟು ಕಾಣುತ್ತದೆ.

ಸರ್ಕಾರದ ಮರಳನ್ನು ಅನುಮತಿಯಿಲ್ಲದೆ ಸಾಗಿಸಿದವರ ಮೇಲೆ ಗಣಿ ಕಾಯ್ದೆಯ ಜೊತೆಗೆ ಕಳವಿನ ಮೊಕದ್ದಮೆಯನ್ನೂ ಹೂಡಬಹುದೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿದೆ. ಕಳವು ಎಂದ ಮೇಲೆ ಮಾಲು ಎಲ್ಲಿಯದೆಂದು ತೋರಿಸಬೇಕಲ್ಲ? ಅದಕ್ಕೆ ಮಹಜರಿನ ಹೊತ್ತಿನಲ್ಲೇ ಲಾರಿಯಿಂದೊಂದು, ಗುಂಡಿಯ ಬೇರೆ ಬೇರೆ ಆಳದಿಂದ ಕೆಲವು ಮಾದರಿಗಳನ್ನು ಬೇರೆ ಬೇರೆ ಚೀಲದಲ್ಲಿ ಮೊಹರು ಮಾಡಬೇಕು. ಮರಳು ರಾಶಿ ಬೆರೆತರೆ, ಅಥವಾ ಒಂದು ಜೋರು ಮಳೆ ಬಂದು ಗುಂಡಿಗೆ ಹೊಸ ಹೂಳು ತುಂಬಿದರೆ, ಹೋಲಿಸಲು ಆ ಮಣ್ಣು ಮತ್ತೆ ಸಿಗದು.