ಟ್ಯಾಂಗನಿಕಾದ ಶೇಂಗಾ, ನಮ್ಮ ಮೂರನೇ ಬೋರು

ಮೊನ್ನೆ ಅಡಿಕೆ ತೋಟದ ಫೋಟೋ ಹಾಕಿದಾಗ "ಇಷ್ಟು ದುಡ್ಡು ಸುರಿದೀಯ, ಈಗ ಬಿಟ್ರೆ ಹೆಂಗಣ್ಣ, ಇನ್ನೊಂದು ಪಾಯಿಂಟ್ ನೋಡು" ಅಂತ ಸುಮಾರು ಜನ ಬರೆದ್ರಿ. ಅದಕ್ಕೆ ಒಂದು ಹಳೇ ಶೇಂಗಾ ಕಥೆ ಹೇಳ್ತೀನಿ.

ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟನ್ನಿನಲ್ಲಿ ಅಡುಗೆ ಎಣ್ಣೆಗೆ ತತ್ವಾರ. ಪೂರ್ವ ಆಫ್ರಿಕಾದ ಟ್ಯಾಂಗನಿಕಾ (ಈಗಿನ ಟಾಂಜಾನಿಯಾ) ಆಗ ಅವರ ಕೈಯಲ್ಲಿತ್ತು. ಅಲ್ಲಿ ಕಾಡು ಕಡಿದು ಶೇಂಗಾ ಬೆಳೆಯೋದು ಅಂತ ಯೋಜನೆ. 1946ರಲ್ಲಿ ಮೂವರ ತಂಡ ಹೋಗಿ ಒಂಬತ್ತು ವಾರದಲ್ಲಿ ಸರ್ವೆ ಮುಗಿಸಿತು, ಎಷ್ಟೋ ಜಾಗ ವಿಮಾನದಿಂದಲೇ ನೋಡಿದ್ದು. ಲೆಕ್ಕ ಮಾತ್ರ ಭಾರಿ: ಆರು ವರ್ಷ, 32 ಲಕ್ಷ ಎಕರೆ, ಸುಮಾರು 2.5 ಕೋಟಿ ಪೌಂಡ್.

ಶುರು ಮಾಡಿದ್ದು ಕೊಂಗ್ವಾದಲ್ಲಿ. ಅಲ್ಲಿನ ಗೋಗೊ ಜನಕ್ಕೆ ಅದು ಮಳೆ ಕೈಕೊಡೋ ಸೀಮೆ ಅಂತ ಗೊತ್ತಿತ್ತು, ದನ ನಂಬಿ ಬದುಕಿದವರು. ಸಾಹೇಬರ ಟ್ರಾಕ್ಟರುಗಳು ಬೇರು ಕೀಳಲಾಗದೆ ಮುರಿದುಬಿದ್ದವು. ಯುದ್ಧದ ಟ್ಯಾಂಕುಗಳನ್ನೇ ಟ್ರಾಕ್ಟರ್ ಮಾಡಿ ತಂದರು. ಅದಕ್ಕಿಂತ ದೊಡ್ಡ ಪೆಟ್ಟು ಮಣ್ಣಿನದು. ಜೇಡಿ ಮಣ್ಣು, ಮಳೆ ನಿಂತರೆ ಕಲ್ಲು. ಶೇಂಗಾ ಕಿತ್ತೋರಿಗೆ ಬಿಡಿಸಿ ಹೇಳೋದೇನಿದೆ, ಹದ ಆರಿದ ಮೇಲೆ ಗಿಡ ಕೈಗೆ ಬರುತ್ತೆ, ಕಾಯಿ ನೆಲದಲ್ಲೇ ಉಳಿಯುತ್ತೆ.

ಮೊದಲ ವರ್ಷದ ಗುರಿ 1.5 ಲಕ್ಷ ಎಕರೆ. ಅದರ ಹತ್ತನೇ ಒಂದು ಪಾಲೂ ಬಿತ್ತನೆ ಆಗಲಿಲ್ಲ. ನಿಲ್ಲಿಸೋಕೆ ಅದೇ ಸಮಯ. ಆದರೆ ಆಹಾರ ಮಂತ್ರಿ ಜಾನ್ ಸ್ಟ್ರಾಚಿ ಪಾರ್ಲಿಮೆಂಟಿನಲ್ಲಿ ಯೋಜನೆ ಪರವಾಗಿ ವಾದಿಸುತ್ತಲೇ ಇದ್ದ. ನಿಲ್ಲಿಸಿದರೆ ಹಾಕಿದ ದುಡ್ಡು ಹೋಯ್ತು ಅಂತ ತಾನೇ ಬಾಯಿಬಿಟ್ಟು ಹೇಳಬೇಕು, ಅದು ಯಾರಿಗೆ ಸುಲಭ? ಗುರಿ ಇಳಿಸಿದರು, ಶೇಂಗಾ ಜೊತೆ ಸೂರ್ಯಕಾಂತಿ ಹಾಕಿದರು, ಬರ ಬಂತು. ಕೊನೆಗೆ 1951ರ ಜನವರಿಯಲ್ಲಿ ಕೈಬಿಟ್ಟರು. ಮುಳುಗಿದ್ದು ಸುಮಾರು 3.6 ಕೋಟಿ ಪೌಂಡ್. ದುಡ್ಡು ಹೋಗಿದ್ದು ಮೊದಲೇ, ಒಪ್ಪಿಕೊಳ್ಳೋಕೆ ಇಷ್ಟು ವರ್ಷ ಹಿಡೀತು ಅಷ್ಟೆ.

ನನ್ನದು 650 ಅಡಿ ಒಂದು, 820 ಅಡಿ ಒಂದು, ಎರಡರಲ್ಲೂ ಬರೀ ಧೂಳು. ಮೂರನೇದಕ್ಕೆ ಸಾವಿರ ಅಡಿ ಹೋಗೋಣ ಅಂತ ಪಾಯಿಂಟ್ ನೋಡೋರು ಹೇಳ್ತಾರೆ. "ಮೊದಲನೇ ಎರಡು ಬೋರು ಕೊರೆಸೇ ಇಲ್ಲ ಅಂದ್ಕೊಳ್ಳಿ, ಆಗ ಇದನ್ನ ಕೊರೆಸ್ತಿದ್ರಾ?" ಅಂತ ನಮ್ಮನೆಯವಳು ಕೇಳಿದಳು. ಬಾಯಿ ಬರಲಿಲ್ಲ. ನಾಲ್ಕು ವರ್ಷದ ಗಿಡ ಒಣಗೋದು ನೋಡೋಕಾಗಲ್ಲ ಅಂತ ಸಂಜೆ ಹೊತ್ತು ಆ ಕಡೆ ಹೋಗೋದೇ ಬಿಟ್ಟಿದೀನಿ.

ಕೊಂಗ್ವಾದಲ್ಲಿ ಆಮೇಲೆ ದನ ಮೇಯಿಸಿದರು. ನಾನು ರಿಗ್‌ನವರಿಗೆ ಅಡ್ವಾನ್ಸ್ ಕೊಟ್ಟಿಲ್ಲ. ಆ ಎರಡೆಕರೆಗೆ ಹುರುಳಿ ಚೆಲ್ಲೋಣ ಅಂತಿದೀನಿ, ಬಿತ್ತನೆ ಬೀಜ ಯಾರ ಹತ್ರನಾದ್ರೂ ಇದ್ರೆ ಹೇಳಿ.