ಕೋಳಿಗಳ ಐ.ಬಿ. ರೋಗ: ವೈರಸ್ ಜೀವಕೋಶವನ್ನು ದುಡಿಸಿಕೊಳ್ಳುವ ಬಗೆ ಮತ್ತು ರೋಗ ನಿರ್ವಹಣೆ

ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಭಾಗದ ಕೋಳಿ ಸಾಕಣೆದಾರರೇ, ಕೋಳಿಗಳು ಸೀನಿ ಗೊರಗೊರ ಸದ್ದು ಮಾಡಿದೊಡನೆ ನೀರಿಗೆ ಆಂಟಿಬಯೋಟಿಕ್ ಬೆರೆಸುವ ಮೊದಲು ಈ ಮಾಹಿತಿಯನ್ನು ಗಮನಿಸಿರಿ. ಇನ್‌ಫೆಕ್ಷಿಯಸ್ ಬ್ರಾಂಕೈಟಿಸ್ ಅಥವಾ ಐ.ಬಿ. ರೋಗವು ಕೋಳಿಗಳ ಕೊರೋನಾ ವೈರಸ್‌ನಿಂದ ಬರುತ್ತದೆ. ಇದು ಮೊದಲು ವರದಿಯಾದದ್ದು 1931ರಲ್ಲಿ, ಅಮೆರಿಕದಲ್ಲಿ. ಇದು ಮನುಷ್ಯರಿಗೆ ಹರಡುವುದಿಲ್ಲ.

ವೈರಸ್ ವೃದ್ಧಿಯಾಗುವ ಬಗೆ

ಜೀವಕೋಶದಲ್ಲಿ ಪ್ರೋಟೀನು ತಯಾರಿಸುವ ಸೂಕ್ಷ್ಮ ಯಂತ್ರವೇ ರೈಬೋಸೋಮ್. ವೈರಸ್‌ಗೆ ಸ್ವಂತ ರೈಬೋಸೋಮ್ ಇಲ್ಲ. ಅದು ಶ್ವಾಸನಾಳದ ಕೋಶವನ್ನು ಹೊಕ್ಕು, ಸುಮಾರು 27,600 ಅಕ್ಷರಗಳಷ್ಟು ಉದ್ದದ ತನ್ನ ಆರ್‌ಎನ್‌ಎಯನ್ನು ಬಿಡುಗಡೆ ಮಾಡುತ್ತದೆ. ಕೋಳಿಯ ರೈಬೋಸೋಮ್ ಅದನ್ನು ಕೋಶದ್ದೇ ಆದೇಶವೆಂಬಂತೆ ಓದಿ ವೈರಸ್‌ನ ಪ್ರೋಟೀನುಗಳನ್ನು ತಯಾರಿಸುತ್ತದೆ. ಓದುವಾಗ ಒಂದು ನಿರ್ದಿಷ್ಟ ಸ್ಥಳದಲ್ಲಿ ರೈಬೋಸೋಮ್ ಕೆಲವೊಮ್ಮೆ ಒಂದಕ್ಷರ ಹಿಂದಕ್ಕೆ ಜಾರುತ್ತದೆ. ಹಾಗೆ ಜಾರಿದಾಗ ಮಾತ್ರ ಆರ್‌ಎನ್‌ಎ ನಕಲು ಮಾಡುವ ಕಿಣ್ವ ಸಿದ್ಧವಾಗುತ್ತದೆ. ಕೊರೋನಾ ವೈರಸ್‌ಗಳ ಈ ತಂತ್ರವನ್ನು ವಿಜ್ಞಾನಿಗಳು 1987ರಲ್ಲಿ ಗುರುತಿಸಿದ್ದು ಕೋಳಿಯ ಈ ವೈರಸ್‌ನಲ್ಲಿಯೇ.

ಆಂಟಿಬಯೋಟಿಕ್ ಏಕೆ ಫಲಕಾರಿಯಲ್ಲ?

ಟೆಟ್ರಾಸೈಕ್ಲಿನ್‌ನಂತಹ ಔಷಧವು ಬ್ಯಾಕ್ಟೀರಿಯಾದ ರೈಬೋಸೋಮನ್ನು ತಡೆಯುತ್ತದೆ. ಐ.ಬಿ. ವೈರಸ್ ಬಳಸುವುದು ಕೋಳಿಯದೇ ರೈಬೋಸೋಮನ್ನು. ಅದರ ರಚನೆ ಬೇರೆ. ಆದ್ದರಿಂದ ಔಷಧದ ಹಣ ವ್ಯರ್ಥವಾಗುತ್ತದೆ. ಶ್ವಾಸನಾಳ ಹಾನಿಗೊಂಡ ನಂತರ ಇ. ಕೋಲಿ ಮುಂತಾದ ಬ್ಯಾಕ್ಟೀರಿಯಾ ಸೇರಿಕೊಂಡಿದ್ದರೆ ಮಾತ್ರ, ಪಶುವೈದ್ಯರ ಸಲಹೆಯಂತೆ ಆಂಟಿಬಯೋಟಿಕ್ ನೀಡಬೇಕು. ಅವರು ಸೂಚಿಸಿದ ಅವಧಿ ಮುಗಿಯುವವರೆಗೆ ಮೊಟ್ಟೆ, ಮಾಂಸ ಮಾರಬಾರದು.

ಲಕ್ಷಣಗಳು

• ಸೀನು, ಕೆಮ್ಮು, ಬಾಯಿ ತೆರೆದು ಉಸಿರಾಡುವುದು; ಒಂದೆರಡು ದಿನಗಳಲ್ಲಿಯೇ ಹಿಂಡಿಗೆಲ್ಲ ಹರಡುವುದು.
• ಮೊಟ್ಟೆ ಇಳುವರಿ ಕುಸಿತ, ಸೊಟ್ಟಗಿನ ಅಥವಾ ಮೆತುಚಿಪ್ಪಿನ ಮೊಟ್ಟೆ, ನೀರಿನಂತಹ ಬಿಳಿಭಾಗ.
• ಕೆಲವು ತಳಿಯ ವೈರಸ್‌ಗಳಿಂದ ಮೂತ್ರಪಿಂಡಕ್ಕೆ ಹಾನಿ, ನೀರಾದ ಹಿಕ್ಕೆ, ಸಾವು.
• ಎಳೆಯ ಹೆಣ್ಣುಮರಿಗಳಿಗೆ ಸೋಂಕು ತಗುಲಿದರೆ ಅಂಡನಾಳ ಕೆಟ್ಟು, ಮುಂದೆ ಅವು ಮೊಟ್ಟೆಯನ್ನೇ ಇಡದಿರಬಹುದು.

ಕೊಕ್ಕರೆ ರೋಗದಲ್ಲಿಯೂ ಉಸಿರಾಟದ ಇಂತಹ ಲಕ್ಷಣಗಳಿರುವುದರಿಂದ ಪ್ರಯೋಗಾಲಯ ಪರೀಕ್ಷೆ ಅಗತ್ಯ.

ನಿರ್ವಹಣಾ ಕ್ರಮಗಳು

1. ವೈದ್ಯರು ನೀಡುವ ವೇಳಾಪಟ್ಟಿಯಂತೆ ಮರಿಗಳಿಗೆ ಐ.ಬಿ. ಲಸಿಕೆ ಹಾಕಿಸಿರಿ. ವೈರಸ್‌ನಲ್ಲಿ ಹಲವು ತಳಿಗಳಿರುವುದರಿಂದ ಯಾವ ಲಸಿಕೆ ಸೂಕ್ತವೆಂದು ಅವರನ್ನೇ ಕೇಳಿರಿ.
2. ನಮ್ಮ ಭಾಗದ ಬಿಸಿಲಿನಲ್ಲಿ ಲಸಿಕೆ ಬೇಗ ಕೆಡುತ್ತದೆ. ಪಟ್ಟಣದಿಂದ ಊರಿಗೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತಂದು, 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿರಿ.
3. ಲಸಿಕೆಯನ್ನು ಕುಡಿಯುವ ನೀರಿನಲ್ಲಿ ಕೊಡುವುದಾದರೆ ಕ್ಲೋರಿನ್ ಬೆರೆತ ನಲ್ಲಿ ನೀರನ್ನು ಬಳಸಬೇಡಿರಿ.
4. ಸಂತೆಯಿಂದ ತಂದ ಕೋಳಿಗಳನ್ನು ಎರಡು ವಾರ ಪ್ರತ್ಯೇಕವಾಗಿಡಿರಿ. ಒಂದು ತಂಡ ಮಾರಾಟವಾದ ಮೇಲೆ ಶೆಡ್ ತೊಳೆದು ಸೋಂಕುನಿವಾರಕ ಸಿಂಪಡಿಸಿರಿ.
5. ರೋಗ ಕಂಡಾಗ ಮರಿಗಳನ್ನು ಬೆಚ್ಚಗಿಡಿರಿ, ಗಾಳಿಯಾಡಲು ಬಿಡಿರಿ, ಶುದ್ಧ ನೀರು ಸದಾ ಸಿಗುವಂತೆ ನೋಡಿಕೊಳ್ಳಿರಿ.

ಹೆಚ್ಚಿನ ಮಾಹಿತಿಗೆ ಸಮೀಪದ ಪಶು ಆಸ್ಪತ್ರೆಯನ್ನು ಸಂಪರ್ಕಿಸಿರಿ.